ಗುಲಾಬಿ ಅಂಗಾಲು

ನನ್ನ ಭಾವ ಹಲ್ಲಿನ ಸೆಟ್ ಮಾಡುವವರು. ಊರಿನ ಬೊಚ್ಚುಬಾಯಿಗಳ ಅಚ್ಚುಗಳೆಲ್ಲ ಅವರ ಕೆಲಸದ ಕೋಣೆಯ ಕಪಾಟಿನಲ್ಲಿ ಸಾಲಾಗಿ ಕೂತಿವೆ. ಆ ಕೆಲಸದಲ್ಲಿ ಅವರ ಕೈಗೆ ಹೆಸರಿಡುವ ಹಾಗಿಲ್ಲ. ಅಷ್ಟಕ್ಕೇ ತೃಪ್ತಿಪಟ್ಟು ಸುಮ್ಮನಿರಬಹುದಿತ್ತು. ಆದರೆ ಭಾವನಿಗೆ ಪಂಡಿತರೆನಿಸಿಕೊಳ್ಳುವ ಚಪಲ. ಜೀರುಂಡೆಗಳ ಮೇಲೊಂದು ವೆಬ್‌ಸೈಟ್ ತೆರೆದರು.

ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: 'ಇಲ್ಲಿರುವುದೆಲ್ಲ ಜೀವಂತ ಹುಳುಗಳನ್ನು ಮುಟ್ಟದೆ, ಇದ್ದಲ್ಲೇ ತೆಗೆದ ಚಿತ್ರಗಳು.' ಜೀವವಿದ್ದ ಯಾವ ಜೀರುಂಡೆಯೂ ಭಾವನ ಕ್ಯಾಮೆರಾಕ್ಕೆ ಕಾದು ಕೂತದ್ದನ್ನು ನಾನು ಕಾಣೆ. ಕಿಟಕಿಯ ಸಂದಿಯಲ್ಲಿ, ದೀಪದ ಬುರುಡೆಯಲ್ಲಿ ಸತ್ತು ಒಣಗಿದ್ದನ್ನು ಅಕ್ಕನ ಪೊರಕೆ ತಲುಪುವ ಮುಂಚೆ ಹೆಕ್ಕುತ್ತಾರೆ. ಹಬೆಗೆ ಹಿಡಿದು ಮಡಚಿದ ಕಾಲು ಬಿಡಿಸುತ್ತಾರೆ. ಕುಂಡದ ಗಿಡದ ಎಲೆಯ ಮೇಲೆ ನಿಲ್ಲಿಸಿ, ಜಾರದಿರಲೆಂದು ಹಿಂಗಾಲಿನಡಿ ಒಂದು ಚುಕ್ಕಿ ಮೇಣ ಇಡುತ್ತಾರೆ. ಕಟ್ಟಿದ ಹಲ್ಲಿಗೆ ವಸಡು ಕೂರಿಸುವ ಅದೇ ಗುಲಾಬಿ ಮೇಣ.

ಹೀಗೆ ನಿಲ್ಲಿಸಿದ ಹಸಿರು ಬೆನ್ನಿನ ಜೀರುಂಡೆಯೊಂದರ ಚಿತ್ರ ಇನ್ನೊಂದು ಸೈಟಿನವರ ಕಣ್ಣಿಗೆ ಬಿತ್ತು. ಅದನ್ನು ನಡೆಸುವವರು ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯರು. ಚಿತ್ರವನ್ನು ಹಿಗ್ಗಿಸಿ ನೋಡುವುದೇ ಅವರ ತಪಸ್ಸು. ಈ ಜಾತಿಯ ಹಿಂಗಾಲಿಗೆ ಗುಲಾಬಿ ಮೆತ್ತೆಯಿದೆ, ಇದುವರೆಗೆ ಯಾರೂ ಗಮನಿಸಿಲ್ಲ ಎಂದು ಬರೆದು ಭಾವನನ್ನು ಹೊಗಳಿದರು. ಆಗಲೇ 'ಅದು ಮೇಣ ಸ್ವಾಮಿ' ಅಂದಿದ್ದರೆ ನಾಲ್ಕು ಜನ ನಕ್ಕು ಅಲ್ಲಿಗೆ ಮುಗಿಯುತ್ತಿತ್ತು. ಭಾವ ಏನು ಬರೆದರು ಗೊತ್ತೇ? 'ನನಗೂ ಬಹಳ ದಿನದಿಂದ ಅನುಮಾನವಿತ್ತು.'

ಆಮೇಲೆ ಕೇಳಬೇಕೇ. ಮೆತ್ತೆ ಇರುವುದು ನುಣುಪು ಎಲೆ ಹತ್ತಲಿಕ್ಕೆ ಎಂದು ಒಬ್ಬರು, ಹೆಣ್ಣನ್ನು ಒಲಿಸಲಿಕ್ಕೆ ಎಂದು ಇನ್ನೊಬ್ಬರು. ಒಬ್ಬರ ಸೈಟಿನಿಂದ ಇನ್ನೊಬ್ಬರು ಎತ್ತಿಕೊಂಡು, ಎತ್ತಿಕೊಂಡದ್ದನ್ನೇ ಸಾಕ್ಷಿಯೆಂದು ತೋರಿಸಿದರು. ದೇವರು ಆ ಬಡ ಹುಳಕ್ಕೆ ಕೊಡದಿದ್ದ ಅಂಗಾಲನ್ನು ಭಾವ ಕೊಟ್ಟರು. ಉಳಿದವರು ಅದಕ್ಕೆ ಸ್ತೋತ್ರ ಕಟ್ಟಿದರು.

ಪೆಟ್ಟು ಬಿದ್ದದ್ದು ಮಾತ್ರ ಒಬ್ಬ ಬಸ್ ಡ್ರೈವರಿಗೆ. ಈ ಜೀರುಂಡೆಯನ್ನು ನಮ್ಮ ಸೀಮೆಯಲ್ಲಿ ಮೊದಲು ಕಂಡವನು ಅವನೇ. ಬಸ್ಸಿನ ಮುಂಗಾಜಿನ ಮೇಲೆ ಕೂತಿದ್ದರ ಚಿತ್ರವನ್ನು ಒಳಗಿನಿಂದ ತೆಗೆದು ಭಾವನಿಗೆ ಕಳಿಸಿದ್ದ. 'ಮೊದಲು ಕಂಡವರು' ಎಂದು ಭಾವ ಅವನ ಹೆಸರು ಹಾಕಿದ್ದರು. ಅವನು ಅದನ್ನು ಡಿಪೋದವರಿಗೆಲ್ಲ ತೋರಿಸಿದ್ದ. ಗಾಜಿನಾಚೆಯಿಂದ ತೆಗೆದ ಚಿತ್ರದಲ್ಲಿ ಅಂಗಾಲು ಆರೂ ಕಾಣುತ್ತಿತ್ತು, ಆರೂ ಕಪ್ಪು. ಮೆತ್ತೆಯಿಲ್ಲದ್ದು ಆ ಜಾತಿಯೇ ಅಲ್ಲವೆಂದು ಎಲ್ಲರೂ ಒಪ್ಪಿದ ಮೇಲೆ ಭಾವ ಅವನ ಹೆಸರು ತೆಗೆದು, ಚಿತ್ರದ ಮೇಲೆ ಕೆಂಪಕ್ಷರದಲ್ಲಿ 'ತಪ್ಪು ಗುರುತು' ಎಂದು ಹಾಕಿದರು.

ಅವನು ಬರೆದೂ ಬರೆದೂ ಸಾಕಾಗಿ ಒಂದು ಭಾನುವಾರ ಮನೆಗೇ ಬಂದ. ಕೈಯಲ್ಲಿ ಗಾಜಿನ ಶೀಸೆ, ಅದರೊಳಗೆ ಜೀವಂತ ಹಸಿರು ಜೀರುಂಡೆ. ಭಾವ ಅವನನ್ನು ಕೆಲಸದ ಕೋಣೆಯಲ್ಲಿ ಕೂರಿಸಿ ಅದನ್ನು ಭೂತಗನ್ನಡಿಯಲ್ಲಿ ನೋಡಿದರು. ಹುಳ ಗಾಜಿನ ಮೇಲೆ ಕಪ್ಪು ಕಾಲೂರಿ ನಿಶ್ಚಿಂತೆಯಿಂದ ನಡೆಯಿತು. ಇದು ಹತ್ತಿರದ ಬೇರೆ ಜಾತಿ, ತಿಳಿಯದವರಿಗೆ ಮೋಸವಾಗುವುದು ಸಹಜ ಎಂದು ಭಾವ ಸಮಾಧಾನ ಹೇಳಿದರು.

"ನನ್ನ ಹೆಸರು ವಾಪಸ್ ಹಾಕಿ ಸಾರ್," ಅಂದ ಡ್ರೈವರ್. "ಡಿಪೋದಲ್ಲಿ ನಾನು ಬಂದ್ರೆ ಸಾಕು, ಸುಳ್ಳುಹುಳ ಬಂತು ಅಂತಾರೆ. ಮನೇಲಿ ಮಗಳೂ ಹಾಗೇ ಕರೆಯೋಕೆ ಶುರು ಮಾಡಿದ್ದಾಳೆ."

ನೀರು ತಂದ ಅಕ್ಕ ಬಾಗಿಲಲ್ಲೇ ನಿಂತಳು. ಗಂಡನ ಹುಚ್ಚುಗಳಿಗೆ ಅವಳು ಎಂದೂ ಅಡ್ಡ ಬಂದವಳಲ್ಲ. ಲೋಟ ಮೇಜಿನ ಮೇಲಿಟ್ಟು ಹೇಳಿದಳು: "ನಿಮ್ಮ ಹುಳ ಸರಿಯಾಗೇ ಇದೆ ಅಣ್ಣಾ. ಇವರ ಚಿತ್ರದಲ್ಲಿರೋದು ಮೇಣ. ಹಲ್ಲಿನ ಸೆಟ್ಟಿಗೆ ಹಾಕ್ತಾರಲ್ಲ, ಅದೇ. ನಿಮ್ಮ ಮುಂದೇ ಬಿದ್ದಿದೆ ನೋಡಿ."

ಭಾವನ ಮುಖ ಕಪಾಟಿನ ಅಚ್ಚುಗಳಂತೆ ಬೆಳ್ಳಗಾಯಿತು. ಡ್ರೈವರ್ ಮೇಣದ ಹಾಳೆಯನ್ನು ಎತ್ತಿ ನೋಡಿದ, ಕಂಪ್ಯೂಟರ್ ಪರದೆಯ ಮೇಲಿನ ಚಿತ್ರ ನೋಡಿದ. ಅವನು ಅಷ್ಟು ದೂರದಿಂದ ಬಂದದ್ದು ಈ ಒಂದು ಮಾತಿಗೇ ಅಲ್ಲವೇ? ಅದು ಪುಕ್ಕಟೆ ಕೈಗೆ ಬಂದಿತ್ತು. ಅವನು ಅದನ್ನು ಕೆಳಗಿಟ್ಟು, ತಪ್ಪು ಬಸ್ಸು ಹತ್ತಿದ ಮುದುಕಿಯನ್ನು ನೋಡುವಂತೆ ಅಕ್ಕನನ್ನು ನೋಡಿದ.

"ಇಷ್ಟು ಸೈಟಿನವರು ಬರೆದಿದ್ದಾರಲ್ಲಮ್ಮಾ. ಅವರೆಲ್ಲ ಮೇಣ ನೋಡಿ ಬರೆದ್ರಾ?"

"ಹೌದು," ಅಂದಳು ಅಕ್ಕ.

ಅವನು ಭಾವನ ಕಡೆ ತಿರುಗಿ ದನಿ ತಗ್ಗಿಸಿದ. "ಸಾರ್, ಇದು ಹೆಣ್ಣಿರಬಹುದಾ? ಹೆಣ್ಣಿಗೆ ಮೆತ್ತೆ ಇಲ್ಲದೇ ಇರಬಹುದಲ್ವಾ?"

ಭಾವ ಮತ್ತೆ ಭೂತಗನ್ನಡಿ ಎತ್ತಿದರು. ಹೆಣ್ಣೋ ಗಂಡೋ ತಿಳಿಯುವುದು ಹೇಗೆಂದು ಅವರಿಗೆ ಗೊತ್ತಿಲ್ಲ. ಹಾಗೆ ಗೊತ್ತಿಲ್ಲವೆಂಬುದು ಅವರೊಡನೆ ಬಾಳುವ ನಮಗೆ ಗೊತ್ತು. "ಹೆಣ್ಣೇ," ಅಂದರು ಗಂಭೀರವಾಗಿ. "ನಾನೂ ಅದನ್ನೇ ಹೇಳೋಣ ಅಂತಿದ್ದೆ."

ಡ್ರೈವರಿನ ಕಣ್ಣು ತುಂಬಿತು. ಭಾವನ ಎರಡೂ ಕೈ ಹಿಡಿದುಕೊಂಡ. ಸಂಜೆಯೊಳಗೆ ಅವನ ಹೆಸರು ಮೊದಲಿಗಿಂತ ದೊಡ್ಡದಾಗಿ ಬಂತು: 'ಹೆಣ್ಣನ್ನು ಮೊದಲು ಕಂಡವರು.' ಹೆಣ್ಣಿಗೆ ಮೆತ್ತೆ ಇರಲಾರದೆಂದು ತಾವು ಮೊದಲೇ ಊಹಿಸಿದ್ದಾಗಿ ಅಂಚೆಯ ಹಿರಿಯರು ಬರೆದರು.

ಅಲ್ಲಿಗಾದರೂ ನಿಂತಿತೇ? ಮುಂದಿನ ವಾರ ಡ್ರೈವರಿನಿಂದ ಇನ್ನೊಂದು ಚಿತ್ರ ಬಂತು. ಡಿಪೋದ ಗೋಡೆಯ ಮೇಲೆ ಗಂಡು ಸಿಕ್ಕಿತಂತೆ. ಅದರ ಹಿಂಗಾಲುಗಳು ಭಾವನ ಹುಳಕ್ಕಿಂತಲೂ ಕೆಂಪಾಗಿ ಹೊಳೆಯುತ್ತಿದ್ದವು.

ಅಕ್ಕ ಬಗ್ಗಿ ನೋಡಿದಳು. "ಇದು ಮೇಣ ಅಲ್ಲ, ಉಗುರುಬಣ್ಣ," ಅಂದಳು. "ಮಗಳದ್ದಿರಬೇಕು."

ಭಾವ ಅದರ ಕೆಳಗೆ ಹಸಿರಕ್ಷರದಲ್ಲಿ 'ಖಚಿತ' ಎಂದು ಹಾಕಿದರು.