ಪೆನ್ಸಿಲ್ಲಿನ ಹೆಸರು

"ಮಕ್ಕಳು?" ಎಂದು ಕೇಳಿದ ಸ್ಮಶಾನದ ಗುಮಾಸ್ತ, ತಲೆ ಎತ್ತದೆ. ಕೇಳುತ್ತಲೇ ಅಡಿಪಟ್ಟಿಯನ್ನು ಫಾರಂನ ಆ ಕಾಲಂಗೆ ತಂದಿಟ್ಟು ಗೆರೆ ಎಳೆಯಲು ಸಿದ್ಧನಾಗಿದ್ದ. ಮೂವತ್ತು ವರ್ಷ ಅದೇ ಕುರ್ಚಿ ಸವೆಸಿದವನಿಗೆ, ಎದುರಿನವರು ಉಗುಳು ನುಂಗುವ ರೀತಿಯಲ್ಲೇ ಉತ್ತರ ಗೊತ್ತಾಗಿಬಿಡುತ್ತಿತ್ತು.

"ತಡೀರಿ, ಗೆರೆ ಎಳೀಬೇಡಿ," ಎಂದಳು ಸತ್ತವಳ ತಂಗಿಯ ಮಗಳು.

"ಮಕ್ಕಳಿದ್ದಾರಾ ಹಾಗಾದ್ರೆ?"

"ಒಂದಿತ್ತು. ಮೂರು ದಿನ ಬದುಕಿತ್ತು."

"ಹೆಸರು ಹೇಳಿ, ಬರ್ಕೋತೀನಿ."

"ಹೆಸರು ಇಟ್ಟಿರಲಿಲ್ಲ."

ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿದ. ಕೆಟ್ಟವನೇನಲ್ಲ, ನಿಯಮದವನು. "ನೋಡಿಮ್ಮಾ, ಸಮಾಧಿ ಮೇಲೆ ನಾವು ಹಾಕೋ ತಗಡಿನ ಫಲಕದಲ್ಲಿ ಎರಡೇ ಸಾಲು. ಮೊದಲನೇ ಸಾಲಲ್ಲಿ ಹೋದವರ ಹೆಸರು. ಎರಡನೇದರಲ್ಲಿ 'ಇಂಥವರ ತಾಯಿ' ಅಂತ. ಅಂಥವರು ಯಾರೂ ಇಲ್ಲದಿದ್ರೆ ಅಡ್ಡಗೆರೆ. ನಿಮಗೆ ಅಂತಲ್ಲ, ಎಲ್ಲರಿಗೂ ಹಾಗೇ. ಬೇಕಾದ್ರೆ ನಿಮ್ಮ ಹೆಸರೇ ಹಾಕ್ಬಿಡಲಾ?"

"ನನಗೆ ನನ್ನಮ್ಮ ಇದಾಳೆ. ಸುಳ್ಳು ಬರೆಸಿದ್ರೆ ನಮ್ಮ ದೊಡ್ಡಮ್ಮ ಎದ್ದು ಬಂದು ಅಳಿಸ್ತಾಳೆ."

"ಹಾಗಿದ್ರೆ ಮೂರು ಗಂಟೆಗೆ ಮಣ್ಣು, ಅಲ್ಲೀವರೆಗೂ ಟೈಮಿದೆ, ಯೋಚನೆ ಮಾಡಿ," ಎಂದ ಗುಮಾಸ್ತ. ತಗಡು, ಕುಂಚ, ಕಪ್ಪು ಬಣ್ಣದ ಡಬ್ಬಿ ಅವನ ಮೇಜಿನ ಮೇಲೆಯೇ ಇದ್ದವು. ಫಲಕ ಬರೆಯುವ ಕೆಲಸವೂ ಅವನದೇ.

ಹೊರಗೆ ಬೆಂಚಿನ ಮೇಲೆ ಬಂದು ಕೂತ ತಂಗಿಯ ಮಗಳಿಗೆ ಅಳು ಬಂತು. ಬೆಳಗಿನಿಂದ ಬಾರದ ಅಳು ಒಂದು ಗೆರೆಯ ವಿಷಯಕ್ಕೆ ಬಂದದ್ದು ಅವಳಿಗೇ ವಿಚಿತ್ರವೆನಿಸಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು ಅವಳು, ಸಾವು ನೋವು ಹೊಸದಲ್ಲ. ಆದರೆ ಮಾತು ಕೊಟ್ಟಿದ್ದಳು. ಹೋದ ವಾರ ದೊಡ್ಡಮ್ಮ ಹಾಸಿಗೆಯಿಂದಲೇ ಅವಳ ಮಣಿಕಟ್ಟು ಹಿಡಿದು ಹೇಳಿದ್ದಳು: "ನನಗೆ ಹೂವೂ ಬೇಡ, ಭಾಷಣವೂ ಬೇಡ. ಅಡ್ಡಗೆರೆ ಒಂದು ಹಾಕಿಸ್ಬೇಡ ಮಾರಾಯ್ತಿ." ಏನು ಎತ್ತ ಎಂದು ಕೇಳದೆ ಇವಳು ಹೂಂ ಎಂದುಬಿಟ್ಟಿದ್ದಳು. ಗಡಿಯಾರ ಈಗ ಒಂದೂ ಮುಕ್ಕಾಲು ತೋರಿಸುತ್ತಿತ್ತು.

*

ಐವತ್ತೆರಡು ವರ್ಷಗಳ ಹಿಂದೆ, ಊರಿನ ಹೆರಿಗೆ ಆಸ್ಪತ್ರೆಯ ದೊಡ್ಡಮ್ಮ ಮಲಗಿದ್ದ ಆರನೇ ನಂಬರಿನ ಮಂಚದ ಸುತ್ತ, ಮಗುವಿನ ಹೆಸರಿಗಾಗಿ ಮೂರು ದಿನ ಜಗಳ ನಡೆಯಿತು. ಅಜ್ಜಂದಿರ ಹೆಸರುಗಳು ಇಳಿಮುಖವಾಗಿ ಸಿನಿಮಾ ನಟರ ಹೆಸರುಗಳು ಏರುತ್ತಿದ್ದ ಕಾಲ ಅದು. ಅತ್ತೆಗೆ ತನ್ನ ಅಪ್ಪನ ಹೆಸರೇ ಬೇಕು. ಕರೆದು ಮುಗಿಸುವಷ್ಟರಲ್ಲಿ ಮಗು ಬೀದಿ ದಾಟಿರುತ್ತದೆ, ಅಷ್ಟುದ್ದದ ಹೆಸರು. ಗಂಡನಿಗೆ ಆ ವರ್ಷ ಎಲ್ಲರ ಬಾಯಲ್ಲಿದ್ದ ನಟನ ಹೆಸರು ಬೇಕು. ಆಗಲೇ ಆ ವಾರ್ಡಿನ ಹತ್ತು ಗಂಡುಮಕ್ಕಳಲ್ಲಿ ನಾಲ್ವರು ಆ ನಟರೇ ಆಗಿದ್ದರು. ಹೆತ್ತವಳ ಮನಸ್ಸಿನಲ್ಲಿ ಮೂರನೆಯದೊಂದು ಹೆಸರಿತ್ತು. ಮೂರೇ ಅಕ್ಷರ, ಗಂಡಿಗೂ ಒಪ್ಪುತ್ತದೆ, ಹೆಣ್ಣಿಗೂ ಒಪ್ಪುತ್ತದೆ, ಬೀದಿಯ ಆ ತುದಿಯಿಂದ ಕೂಗಿದರೆ ಈ ತುದಿಗೆ ಕೇಳುತ್ತದೆ. ಅವಳನ್ನು ಯಾರೂ ಕೇಳಲಿಲ್ಲ.

ನಾಲ್ಕನೆಯ ಬೆಳಿಗ್ಗೆ ತೊಟ್ಟಿಲು ಖಾಲಿಯಾಗಿತ್ತು. ಜಗಳವೂ ನಿಂತಿತು. ತೊಟ್ಟಿಲಿಗೆ ದಾರದಲ್ಲಿ ಕಟ್ಟಿದ್ದ ಕಾರ್ಡು ಮಾತ್ರ ಉಳಿದಿತ್ತು. ತೂಕ ಇತ್ತು, ತಾರೀಖು ಇತ್ತು. ಹೆಸರಿನ ಕಾಲಂನಲ್ಲಿ ಅಡ್ಡಗೆರೆ. ಅವಳು ಆ ಕಾರ್ಡು ಕೇಳಿದಳು, ಫೈಲಿಗೆ ಹೋಗಬೇಕು ಎಂದು ಕೊಡಲಿಲ್ಲ. ಖಾಲಿ ತೊಟ್ಟಿಲಿನ ಹತ್ತಿರ ಬಗ್ಗಿ ಆ ಹೆಸರನ್ನು ಒಂದು ಸಲ ಬಾಯಿಬಿಟ್ಟು ಕರೆದಳು. ಯಾರಿಗೂ ಕೇಳಿಸಲಿಲ್ಲ.

ಗಂಡ ಎರಡು ವರ್ಷದೊಳಗೆ ಬೇರೆ ಸಂಸಾರ ಹೂಡಿದ. ಅಷ್ಟರಲ್ಲಿ ಅವಳು ಅದೇ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿಯಾಗಿತ್ತು. ಬೇರೆಲ್ಲಾದರೂ ಕೆಲಸ ಹುಡುಕಬಾರದೇ, ಆ ಗೋಡೆ ನೋಡಿದರೆ ಸಂಕಟವಾಗುವುದಿಲ್ಲವೇ ಎಂದವರಿದ್ದರು. ಆಗುತ್ತೆ, ಆದ್ರೆ ಮಕ್ಕಳು ಇರೋದು ಅಲ್ಲೇ ತಾನೆ, ಎನ್ನುತ್ತಿದ್ದಳು. ಅವಳನ್ನು ಊರು ವಾರ್ಡಮ್ಮ ಎಂದು ಕರೆಯತೊಡಗಿತು. ಅವಳ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಬಳಕೆಯಲ್ಲಿ ಉಳಿಯಲಿಲ್ಲ.

*

ಅವಳ ಅಕ್ಷರ ದುಂಡಗಿತ್ತು, ಹಾಗಾಗಿ ತೊಟ್ಟಿಲಿನ ಕಾರ್ಡು ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಮೊದಲ ದಿನವೇ ಹೆಸರಿಡದ ಮಗುವೊಂದರ ಕಾರ್ಡು ಕೈಗೆ ಬಂತು. ಗೆರೆ ಎಳೆಯಲು ಕೈ ಬರಲಿಲ್ಲ. ಏಪ್ರನ್ನಿನ ಜೇಬಿನಿಂದ ಪೆನ್ಸಿಲ್ ತೆಗೆದು ಆ ಮೂರಕ್ಷರ ಬರೆದಳು. ಮಾರನೆಯ ದಿನ ಇನ್ನೆರಡು ಕಾರ್ಡಿಗೆ ಬರೆದಳು. ವಾರ ಕಳೆಯುವಷ್ಟರಲ್ಲಿ ಹೆಸರಿಡದ ತೊಟ್ಟಿಲುಗಳಿಗೆಲ್ಲ ಅದೇ ಹೆಸರು.

ಹೆಡ್ ಸಿಸ್ಟರ್ ವಾರ್ಡು ಸುತ್ತುವಾಗ ಹುಬ್ಬು ಗಂಟಿಕ್ಕಿದರು. "ಏನೇ ಇದು, ಎಲ್ಲಾ ತೊಟ್ಟಿಲಿಗೂ ಒಂದೇ ಹೆಸರು ಬರೆದಿದೀಯ? ಅದಲು ಬದಲಾದ್ರೆ ಯಾರು ಹೊಣೆ?"

"ಗುರುತಿಗೆ ಕಾಲಲ್ಲಿ ನಂಬರ್ ಪಟ್ಟಿ ಇದೆಯಲ್ಲ ಸಿಸ್ಟರ್. ಹೆಸರು ಕರೆಯೋಕೆ."

"ಹೆತ್ತವರು ಬೇರೆ ಹೆಸರು ಇಡ್ತೀವಿ ಅಂದ್ರೆ?"

"ಪೆನ್ಸಿಲ್ ತಾನೆ, ಅಳಿಸ್ಕೊಳ್ಳಲಿ. ರಬ್ಬರೂ ನಾನೇ ಕೊಡ್ತೀನಿ."

ನಿಜವಾಗಿಯೂ ಕೊಡುತ್ತಿದ್ದಳು. ಮನೆಗೆ ಹೊರಟ ಪ್ರತಿ ತಾಯಿಯ ಮುಂದೆ ಕಾರ್ಡನ್ನೂ ರಬ್ಬರನ್ನೂ ಇಟ್ಟು, "ಇದು ನಾನು ಸುಮ್ನೆ ಬರೆದದ್ದು, ನಿಮ್ಮದು ಬರ್ಕೊಳ್ಳಿ," ಎನ್ನುತ್ತಿದ್ದಳು. ಬಹಳ ಜನ ಅಳಿಸಿದರು. ಅಳಿಸದವರೂ ಇದ್ದರು. ಎರಡೂ ಕಡೆಯ ಅಜ್ಜಿಯರು ಪಟ್ಟು ಬಿಡದ ಮನೆಗಳಲ್ಲಿ, ನಿನ್ನದೂ ಬೇಡ ನನ್ನದೂ ಬೇಡ, ಕಾರ್ಡಿನಲ್ಲಿ ಇರುವುದೇ ಇರಲಿ ಎಂದು ರಾಜಿಯಾಗುತ್ತಿತ್ತು. ಕೆಲವು ತಾಯಂದಿರಿಗೆ ಆ ನಾಲ್ಕೈದು ದಿನದಲ್ಲಿ ವಾರ್ಡಮ್ಮ ಕರೆದೂ ಕರೆದೂ ಅದೇ ಬಾಯಿಗೆ ಹತ್ತಿಬಿಟ್ಟಿರುತ್ತಿತ್ತು. ಮತ್ತೆ ಕೆಲವರು ಶುದ್ಧ ಸೋಮಾರಿಗಳು. ಅಂಥವರಿಂದಲೂ ಲೋಕಕ್ಕೆ ಉಪಕಾರವಾಗುತ್ತದೆ.

ಉಳಿದ ಹೆಸರುಗಳು ಬಂದವು, ಹೋದವು. ಮಗು ಅಂಗೈಯಗಲ ಇದ್ದರೂ ಹೆಸರು ತನ್ನ ಕಾಲಂ ದಾಟಿ ತೂಕದ ಕಾಲಂಗೆ ನುಗ್ಗುತ್ತಿದ್ದ ಕಾಲ ಮುಗಿಯಿತು. ಒಂದು ಸಿನಿಮಾ ನೂರು ದಿನ ಓಡಿದರೆ ಅದರ ನಾಯಕಿಯರು ವಾರ್ಡಿನಲ್ಲಿ ಸಾಲಾಗಿ ಮಲಗಿ ಅಳುತ್ತಿದ್ದ ಕಾಲ ಬಂತು. ಬಳಿಕ ಎರಡಕ್ಷರದ ಹೆಸರುಗಳು, ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುವಂಥವು. ಕಡೆಗೆ ಯಾರಿಗೂ ಇಲ್ಲದ ಹೆಸರೇ ಬೇಕು ಎನ್ನುವವರು ಬಂದರು. ಹಾಗೆ ಹುಡುಕಿ ಹುಡುಕಿ ಒಂದೇ ವಾರದಲ್ಲಿ ಐದು ಮನೆಯವರು ಒಂದೇ ಹೆಸರು ಹಿಡಿದು ಬರುತ್ತಿದ್ದರು. ವಾರ್ಡಮ್ಮ ಪತ್ರಿಕೆಯಲ್ಲಿ ಪರೀಕ್ಷೆಯ ಫಲಿತಾಂಶದ ಪಟ್ಟಿ ನೋಡಿ, "ಇದು ಆ ದೊಡ್ಡ ನೆರೆ ಬಂದ ವರ್ಷದ್ದು," "ಇವಳು ಆ ಹಾಡು ಊರೆಲ್ಲ ಕೇಳ್ತಿದ್ದ ವರ್ಷದವಳು," ಎಂದು ಬೆರಳಿಟ್ಟು ಹೇಳುತ್ತಿದ್ದಳು. ತಪ್ಪಿದ್ದು ಕಡಿಮೆ.

ಅವಳು ಕೆಲಸಕ್ಕೆ ಸೇರಿದ ಹನ್ನೆರಡನೆಯ ವರ್ಷ ಅಂಕಿಅಂಶ ಇಲಾಖೆಯ ಅಧಿಕಾರಿಯೊಬ್ಬ ಕಾಗದದ ಕಟ್ಟಿನೊಡನೆ ಬಂದ. ದೇಶದಲ್ಲೆಲ್ಲ ಮೊದಲ ಸ್ಥಾನದ ಹೆಸರು ಮೂರು ಸಲ ಬದಲಾಗಿದೆ, ಈ ಊರಿನಲ್ಲಿ ಮಾತ್ರ ಅದೇ ಒಂದು ಹೆಸರು ಕಂಬದ ಹಾಗೆ ನಿಂತಿದೆ, ಏಕೆ ಎಂಬುದು ಅವನ ಪ್ರಶ್ನೆ.

"ಈ ಹೆಸರಿನ ನಟರೇನಾದ್ರೂ ಇಲ್ಲಿಯವರಾ?" ಎಂದು ಕೇಳಿದ.

"ಇಲ್ಲ ಸಾರ್," ಎಂದಳು ವಾರ್ಡಮ್ಮ, ನೆಲ ಒರೆಸುತ್ತ.

"ಯಾರಾದ್ರೂ ದೊಡ್ಡ ಮನುಷ್ಯರು?"

"ದೊಡ್ಡವರಲ್ಲ ಸಾರ್. ತೀರಾ ಚಿಕ್ಕವರು."

ಅಧಿಕಾರಿಗೆ ಅರ್ಥವಾಗಲಿಲ್ಲ. ಅಲ್ಲೇ ನಿಂತಿದ್ದ ಹೆಡ್ ಸಿಸ್ಟರ್‌ಗೆ ಅರ್ಥವಾಯಿತು. ಅವನು ಹೋದ ಮೇಲೆ ಹಾಸಿಗೆ ಬಟ್ಟೆ ಇಡುವ ಲಿನನ್ ಕೋಣೆಯಲ್ಲಿ ಅವಳನ್ನು ಕೂರಿಸಿ ಕೇಳಿದರು, ವಾರ್ಡಮ್ಮ ಎಲ್ಲ ಹೇಳಿದಳು. ಅವಳು ಹೇಳಿದ್ದು ಅವರೊಬ್ಬರಿಗೇ. ಅಂದಿನಿಂದ ವಾರ್ಡಿಗೆ ಪೆನ್ಸಿಲ್ ತರಿಸುವ ಚೀಟಿಗೆ ಹೆಡ್ ಸಿಸ್ಟರೇ ಸಹಿ ಹಾಕತೊಡಗಿದರು.

ಮುಂದೆ ಕಂಪ್ಯೂಟರ್ ಬಂತು, ಕೈಬರಹದ ಕಾರ್ಡು ಹೋಯಿತು. ಯಂತ್ರಕ್ಕೆ ಅಡ್ಡಗೆರೆ ಹಾಕಲು ನಾಚಿಕೆಯೇನಿಲ್ಲ. ಊರಿನಲ್ಲಿ ಆ ಹೆಸರಿಡುವವರು ವರ್ಷ ವರ್ಷಕ್ಕೂ ಕಡಿಮೆಯಾಗಿ, ಕಡೆಗೆ ಇಲ್ಲವೇ ಆದರು.

*

ಎರಡೂವರೆಗೆ ಗುಮಾಸ್ತ ಹುಬ್ಬೇರಿಸಿಕೊಂಡು ಬೆಂಚಿನ ಬಳಿ ಬಂದ. ಬಂದವರೆಲ್ಲ ಹೆಸರು ಬರೆಯಲೆಂದು ಗೇಟಿನಲ್ಲಿ ಇಡುವ ಪುಸ್ತಕ ಅವನ ಕೈಯಲ್ಲಿತ್ತು.

"ಏನ್ರೀ ಇದು, ಸಾವಿನ ಮನೇಲೂ ತಮಾಷೆನಾ? ಯಾರೋ ಒಬ್ಬರೇ ಹದಿನಾಲ್ಕು ಸಲ ಸೈನ್ ಮಾಡಿದಾರೆ."

ತಂಗಿಯ ಮಗಳು ಪುಸ್ತಕ ನೋಡಿದಳು. ಒಂದರ ಕೆಳಗೊಂದು ಅದೇ ಮೂರಕ್ಷರ. ಆದರೆ ಒಂದು ದಪ್ಪ, ಒಂದು ಸಣ್ಣ, ಒಂದು ವಾಲಿದ್ದು, ಒಂದು ಡಾಕ್ಟರು ಗೀಚಿದ ಹಾಗಿದ್ದು. ಔಷಧಿ ಚೀಟಿ ಓದಿ ಪಳಗಿದ ಕಣ್ಣಿಗೆ ಅನುಮಾನವಿರಲಿಲ್ಲ.

"ಹದಿನಾಲ್ಕು ಜನ ಕಣ್ರೀ," ಎಂದಳು. "ಹದಿನಾಲ್ಕು ಕೈ."

"ಅದೆಂಗಾಗುತ್ತೆ?"

ಅಷ್ಟರಲ್ಲಿ ಬಸ್ ಡ್ರೈವರೊಬ್ಬ ಸಮವಸ್ತ್ರದಲ್ಲೇ ಬಂದು ಪುಸ್ತಕಕ್ಕೆ ಕೈಚಾಚಿದ. "ಎಲ್ಲಿ ಬರೀಬೇಕು ಸಾರ್?" ಬರೆದ. ಹದಿನೈದಾಯಿತು. "ಕಂಡಕ್ಟರೂ ಬಸ್ಸಿನ ಬಾಗಿಲು ಹಾಕಿ ಬರ್ತಿದಾನೆ. ಅವನದೂ ಇದೇ ಹೆಸರು."

"ನಿಮಗೆಲ್ಲ ಹೇಳಿದ್ದು ಯಾರು?" ಎಂದಳು ತಂಗಿಯ ಮಗಳು. ಹತ್ತು ಹನ್ನೆರಡು ಜನ ಬಂದರೆ ಹೆಚ್ಚು ಎಂದುಕೊಂಡು ಅವಳು ಬಾಡಿಗೆ ಕುರ್ಚಿಯನ್ನೂ ಹೇಳಿರಲಿಲ್ಲ.

"ಫೋನಲ್ಲಿ ನಮ್ಮದೊಂದು ಗುಂಪಿದೆ ಅಕ್ಕ, ಅದರಲ್ಲಿ ಸುದ್ದಿ ಬಂತು. ಸೇರೋಕೆ ಒಂದೇ ನಿಯಮ, ಈ ಹೆಸರಿರಬೇಕು. ಗೊಂದಲ ಆಗಬಾರದು ಅಂತ ಒಬ್ಬರನ್ನೊಬ್ಬರು ಮಾಡೋ ಕೆಲಸದ ಹೆಸರಲ್ಲಿ ಕರೀತೀವಿ. ನಾನು ಬಸ್ಸು. ಅವರು ಟೀಚರ್. ಅಗೋ ಅವನು ಬೇಕರಿ." ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. "ನನ್ನ ಮಗಳಿಗೆ ಎರಡಕ್ಷರದ ಹೆಸರು, ಈಗಿನ ಫ್ಯಾಷನ್ನು. ಅಪ್ಪಾ ನಿಂದು ಹಳೇ ಹೆಸರು ಅಂತ ನಗ್ತಾಳೆ. ನಗಲಿ ಬಿಡಿ. ನನ್ನನ್ನ ಹೆಸರು ಹಿಡಿದು ಮೊದಲು ಕರೆದೋರು ಯಾರು ಅಂತ ನನಗೆ ಗೊತ್ತು. ಅವಳಿಗೆ ಗೊತ್ತಾ?"

ಪುಸ್ತಕ ಇತ್ತ ಬಂದದ್ದರಿಂದ ಸಹಿ ಮಾಡದೆಯೇ ಜನ ಗೇಟಿನಿಂದ ಒಳಗೆ ಬರುತ್ತಲೇ ಇದ್ದರು. ಗುಮಾಸ್ತನಿಗೆ ಇನ್ನೂ ನಂಬಿಕೆ ಬರಲಿಲ್ಲ. ಲೆಕ್ಕ ಸರಿಯಿದೆಯೇ ಎಂದು ಖುದ್ದು ನೋಡದೆ ಬಿಡುವ ಜಾತಿಯವನಲ್ಲ ಅವನು. ಕಚೇರಿಯ ಮೆಟ್ಟಿಲ ಮೇಲೆ ನಿಂತು, ಪುಸ್ತಕವನ್ನು ಎದೆಗೊತ್ತಿಕೊಂಡು, ಆ ಹೆಸರನ್ನು ಗಟ್ಟಿಯಾಗಿ ಒಂದು ಸಲ ಕೂಗಿದ.

ಅಂಗಳದಲ್ಲಿ ಗುಂಪು ಗುಂಪಾಗಿ ಮಾತಾಡುತ್ತಿದ್ದವರು ಒಟ್ಟಿಗೇ ತಿರುಗಿದರು. ಗೇಟಿನಾಚೆ ಸೈಕಲ್ಲಿಗೆ ಬೀಗ ಹಾಕುತ್ತಿದ್ದವನು ತಿರುಗಿದ. ಮರದ ಕೆಳಗೆ ಮಗುವಿಗೆ ನೀರು ಕುಡಿಸುತ್ತಿದ್ದವಳು ತಿರುಗಿದಳು. ಕಿವಿಯಂಚಲ್ಲಿ ಕೂದಲು ನರೆತವರು, ಕಾಲೇಜಿನ ಚೀಲದವರು, ಹಿಟ್ಟಿನ ಕೈಯವರು, ಸೀಮೆಸುಣ್ಣದ ಕೈಯವರು. "ಹಾಂ?" ಎಂದರು ಕೆಲವರು. "ಇಲ್ಲಿದೀನಿ," ಎಂದರು ಕೆಲವರು. ಐವತ್ತಕ್ಕೆ ಕಡಿಮೆಯಿರಲಿಲ್ಲ.

ಗುಮಾಸ್ತ ಮೆಲ್ಲನೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಅವನ ಸೇವೆಯಲ್ಲಿ ಮಂತ್ರಿಗಳ ಮಣ್ಣು ನೋಡಿದ್ದ, ಇಂಥದ್ದು ನೋಡಿರಲಿಲ್ಲ.

ಊರುಗೋಲು ಹಿಡಿದು, ಟೀಚರ್ ತೋಳಿಗೆ ಆತುಕೊಂಡು, ತೊಂಬತ್ತರ ಹತ್ತಿರದ ಹೆಡ್ ಸಿಸ್ಟರ್ ಮುಂದೆ ಬಂದರು. ಅಡ್ಡಗೆರೆಯ ವಿಷಯ ಅಷ್ಟು ಹೊತ್ತಿಗೆ ಅವರ ಕಿವಿಗೂ ಬಿದ್ದಿತ್ತು. ತಂಗಿಯ ಮಗಳ ಗಲ್ಲ ಮುಟ್ಟಿ ಹೇಳಿದರು:

"ನಿಮ್ಮ ದೊಡ್ಡಮ್ಮ ಆ ಮಗುವಿಗೆ ಇಡಬೇಕು ಅಂದ್ಕೊಂಡಿದ್ದು ಇದೇ ಹೆಸರು ಕಣಮ್ಮ. ತೊಟ್ಟಿಲು ಖಾಲಿಯಾದ ಮೇಲೆ ಒಂದೇ ಒಂದ್ಸಲ ಕರೆದಿದ್ಲಂತೆ. ಓಗೊಡೋರು ಇರ್ಲಿಲ್ಲ, ಅಷ್ಟೇ."

ತಂಗಿಯ ಮಗಳು ಅಂಗಳದತ್ತ ನೋಡಿದಳು. ಅವರೆಲ್ಲ ಯಾಕೆ ಕರೆದಿರಿ ಎಂದು ಇನ್ನೂ ಕಾಯುತ್ತ ನಿಂತಿದ್ದರು. ಅವಳಿಗೆ ಮತ್ತೆ ಅಳು ಬಂತು, ಜೊತೆಗೆ ನಗುವೂ ಬಂತು. ದೊಡ್ಡಮ್ಮ ಗೆದ್ದಿದ್ದಳು. ಒಂದು ಗೆರೆಯ ಮೇಲೆ ಜೀವಮಾನವಿಡೀ ಹಟ ಸಾಧಿಸಿ, ಹಟ ಎಂದು ಯಾರಿಗೂ ಗೊತ್ತಾಗದ ಹಾಗೆ ಗೆದ್ದಿದ್ದಳು.

"ಬರ್ಕೊಳ್ಳಿ," ಎಂದಳು ಗುಮಾಸ್ತನಿಗೆ. "ಎರಡನೇ ಸಾಲು. ಸುಳ್ಳಲ್ಲ."

"ಎಷ್ಟು ಸಲ ಬರೀಲಿ?" ಎಂದ ಅವನು. ಈ ಬಾರಿ ಅದು ನಿಯಮದ ಪ್ರಶ್ನೆಯಾಗಿರಲಿಲ್ಲ.

"ಒಂದು ಸಲ ಸಾಕು ಸಾರ್," ಎಂದ ಬಸ್ ಡ್ರೈವರ್. "ನಾವು ಹಂಚ್ಕೋತೀವಿ."

ಮೂರಕ್ಕೆ ಹತ್ತು ನಿಮಿಷವಿತ್ತು. ಗುಮಾಸ್ತ ಮೇಜನ್ನೇ ಅಂಗಳಕ್ಕೆ ಎಳೆಸಿ, ಎಲ್ಲರಿಗೂ ಕಾಣುವಂತೆ ತಗಡನ್ನು ಮುಂದಿಟ್ಟುಕೊಂಡ. ಮೊದಲ ಸಾಲನ್ನು ಆಗಲೇ ಬರೆದಿಟ್ಟಿದ್ದ. "ನಾನು ಮೊದಲು ಪೆನ್ಸಿಲ್ಲಲ್ಲಿ ಬರೀತೀನಿ. ತಪ್ಪಿದ್ರೆ ಹೇಳಿ, ಅಳಿಸ್ತೀನಿ," ಎಂದು ಎಡಗೈಯಲ್ಲಿ ರಬ್ಬರ್ ಹಿಡಿದು, ಬಲಗೈಯಿಂದ ಎರಡನೆಯ ಸಾಲಿನಲ್ಲಿ ಆ ಮೂರಕ್ಷರ ಬರೆದ. ತಗಡನ್ನು ಎತ್ತಿ ಎಡದಿಂದ ಬಲಕ್ಕೆ ಎಲ್ಲರಿಗೂ ತೋರಿಸಿದ. ಕಾದ.

ಅಳಿಸಿ ಎಂದು ಯಾರೂ ಹೇಳಲಿಲ್ಲ. ಗುಮಾಸ್ತ ರಬ್ಬರನ್ನು ಡ್ರಾಯರಿಗೆ ಹಾಕಿ, ಕುಂಚವನ್ನು ಕಪ್ಪು ಬಣ್ಣಕ್ಕೆ ಅದ್ದಿದ.