ಅತ್ತಿಗೆಯ ಅಂಗೈ

ಕತ್ತರಿಯ ಬಾಯಿಗೆ ಉಣ್ಣೆಯ ಜಿಡ್ಡು ಮೆತ್ತಿಕೊಂಡಿದೆ, ಒರೆಸಬೇಕು, ಒರೆಸುವಷ್ಟರಲ್ಲಿ ಈ ಕುರಿ ಕೊಸರಿಕೊಂಡು ಎದ್ದೀತು, ಚಳಿ ಹಿಂದೆ ಸರಿದಿದೆ, ಬಿಸಿಲು ಕೊಟ್ಟಿಗೆಯ ಬಾಗಿಲು ದಾಟಿ ಒಳಗೆ ಬಂದು ಕೂತಿದೆ, ಉಣ್ಣೆ ಕತ್ತರಿಸಲು ಇದೇ ಸರಿಯಾದ ಕಾಲ — ಬಲಗೈಯಲ್ಲಿ ಕತ್ತರಿ, ಎಡಗೈ ಕುರಿಯ ಎದೆಯ ಮೇಲೆ, ಅಪ್ಪ ಕಲಿಸಿದ್ದು ಹಾಗೆ, ಎದೆ ಮೇಲೆ ಕೈ ಇರಲಿ ಕಣೋ, ಹೆದರಿದ ಕುರಿ ಕೈಯಲ್ಲೇ ಹೋಗಿಬಿಡುತ್ತೆ, ಬಡಿತ ಜೋರಾದರೆ ಕತ್ತರಿ ನಿಲ್ಲಿಸು. ನಿಲ್ಲಿಸುತ್ತೇನೆ. ಕುರಿಯ ಹಿಂಗಾಲು ಹಿಡಿದು ಕೂತಿರುವ ಮಗಳು, ನಮ್ಮ ಚೂಟಿ, ಮೂಲೆಯಲ್ಲಿ ಧೂಳು ಹಿಡಿದ ಕರೆಂಟಿನ ಕತ್ತರಿಯನ್ನು ಗಲ್ಲದಿಂದಲೇ ತೋರಿಸುತ್ತಾಳೆ, ಅಪ್ಪಾ, ಮೋಟಾರು ಎದೆಯಿಂದ ಒಂದು ಮೊಳ ದೂರ ಇದ್ದರೆ ಸಾಕು ಅಂತ ಡಾಕ್ಟರು ಹೇಳಿದ್ದು, ನೀನು ಸನ್ಯಾಸ ಕೊಡಿಸಿಬಿಟ್ಟೆಯಲ್ಲ ಅದಕ್ಕೆ, ಹೀಗೇ ಹೋದರೆ ಕೊನೇ ಕುರಿ ಮುಗಿಯೋ ಹೊತ್ತಿಗೆ ಮೊದಲನೇದಕ್ಕೆ ಮತ್ತೆ ಬೆಳೆದಿರುತ್ತೆ. ಬೆಳೆಯಲಿ ಬಿಡು, ನಿನಗೇನು ಅವಸರ. ಅವಳು ನಗುತ್ತಾಳೆ, ನಕ್ಕಾಗ ಎಡಗಡೆ, ಕತ್ತಿನ ಮೂಳೆಯ ಕೆಳಗೆ, ಆ ಸಣ್ಣ ಉಬ್ಬು ಅಂಗಿಯೊಳಗೆ ಏರಿ ಇಳಿಯುತ್ತದೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು ಅಷ್ಟೇ, ಅದರೊಳಗೆ ನನ್ನ ಮಗಳ ಉಸಿರಿದೆ.

ಅತ್ತಿಗೆ ಇಷ್ಟು ಹೊತ್ತಿಗೆ ಬರಬೇಕಿತ್ತು. ಮೊದಲ ಕುರಿಯ ಉಣ್ಣೆ ಅವರಿಗೆ, ಹಾಸಿಗೆಗೆ ಅಂತ ಬೇರೆ ಎತ್ತಿಟ್ಟಿದ್ದೇನೆ — ಹೋದ ಸಲವೂ ಎತ್ತಿಟ್ಟಿದ್ದೆ, ಮೂಟೆಯನ್ನು ನೋಡಿ, ಇಷ್ಟು ದೊಡ್ಡ ಹಾಸಿಗೆ ಏನು ಮಾಡಲಪ್ಪ, ಮಲಗೋಳು ನಾನೊಬ್ಬಳು, ಅಂದಿದ್ದರು, ನಾನು ಮೂಟೆಯ ಬಾಯಿ ಬಿಗಿದು ಕಟ್ಟಿದ್ದೆ. ಅಣ್ಣ ಹೋದದ್ದು ಉಳುವಾಗ, ಬಿಸಿಲು ಬಡಿಯಿತು ಅಂದೆವು. ಅವರ ಒಬ್ಬನೇ ಮಗ ಲಂಬು, ಬಾಗಿಲಿಗೆ ತಲೆ ತಗುಲಿಸಿಕೊಂಡೇ ಒಳಗೆ ಬರುವಷ್ಟು ಉದ್ದದವನು, ಕುರಿ ಅಟ್ಟುವಾಗ ಒಮ್ಮೆ ಕಣ್ಣು ಕತ್ತಲೆ ಬಂದು ಬಿದ್ದ, ಹೊಟ್ಟೆ ಹಸಿವು ಅಂದೆವು, ಸಕ್ಕರೆ ನೀರು ಕುಡಿಸಿದೆವು, ಕುಡಿದು ಎದ್ದು ನಕ್ಕ, ನಾವೂ ನಕ್ಕೆವು. ಆಮೇಲೆ ಒಂದು ಸಂಜೆ ಚೆಂಡಿನ ಹಿಂದೆ ಓಡುತ್ತಿದ್ದವನು ಮೈದಾನದ ನಡುವೆ ಬಿದ್ದ, ಏಳಲಿಲ್ಲ, ಅತ್ತಿಗೆ ಓಡಿಬಂದು ಅವನ ಎದೆಯ ಮೇಲೆ ಅಂಗೈ ಊರಿದರು, ಎಷ್ಟೋ ಹೊತ್ತು ಊರಿಯೇ ಇದ್ದರು, ನಾನೇ ಆ ಕೈಯನ್ನು ಬಿಡಿಸಿದ್ದು.

ಅವನನ್ನು ಮಣ್ಣು ಮಾಡಿದ ಮಾರನೆಯ ದಿನವೇ ಅತ್ತಿಗೆ ನಮ್ಮ ಹೊಸ್ತಿಲಲ್ಲಿ ಬಂದು ಕೂತರು, ಕೂಗಲಿಲ್ಲ, ಅಳಲಿಲ್ಲ, ಚೂಟಿಯ ಎದೆ ತೋರಿಸ್ಕೊಂಡು ಬಾ, ಹೆಣ ಕೊಯ್ದ ಡಾಕ್ಟರು ಹೇಳಿದ್ದಾರೆ, ಇದು ನಿಮ್ಮ ಮನೆಯ ರಕ್ತದಲ್ಲಿರೋದು, ಉಳಿದ ಮಕ್ಕಳನ್ನ ನೋಡಿ ಅಂತ. ಅವಳಿಗೇನಾಗಿದೆ ಅತ್ತಿಗೆ, ಕಲ್ಲಿನ ಹಾಗಿದ್ದಾಳೆ. ಅವನೂ ಕಲ್ಲಿನ ಹಾಗೇ ಇದ್ದ. ಹೊಸ್ತಿಲ ಮೇಲೆ ಅಂಗೈ ಊರಿಕೊಂಡು ಕೂತೇ ಇದ್ದರು, ನನ್ನ ಹೆಂಡತಿ ಒಳಗಿನಿಂದ ಪಿಸುಗುಟ್ಟಿದಳು, ರೀ, ದುಃಖಕ್ಕೆ ಪಾಪ ತಲೆ ಕೆಟ್ಟಿದೆ, ಅವರ ಸಮಾಧಾನಕ್ಕಾದರೂ ಒಂದು ಸಲ ಹೋಗಿ ಬನ್ನಿ. ಚೂಟಿಯನ್ನು ಕರೆದುಕೊಂಡು ಹೋದೆ, ಅವರ ಸಮಾಧಾನಕ್ಕೆ. ಎದೆಗೆ ತಂತಿ ಅಂಟಿಸಿದರು, ಆಮೇಲೆ ಕತ್ತಲೆ ಕೋಣೆಯ ಪರದೆಯ ಮೇಲೆ ಅವಳ ಹೃದಯ ಒದ್ದಾಡುವುದನ್ನು ತೋರಿಸಿದರು, ಗೋಡೆ ದಪ್ಪಗಿದೆ ನೋಡಿ, ಯಾವಾಗ ಬೇಕಾದರೂ ತಾಳ ತಪ್ಪಬಹುದು, ಇವಳಿಗೆ ಓಟದ ಪಂದ್ಯ ಬೇಡ, ಮಾತ್ರೆ ಬೇಕು, ಒಳಗೊಂದು ಯಂತ್ರ ಇಡಬೇಕು, ತಾಳ ತಪ್ಪಿದರೆ ಅದೇ ಕರೆಂಟು ಹೊಡೆದು ಸರಿಮಾಡುತ್ತೆ, ನೀವೂ ಅಂಗಿ ಬಿಚ್ಚಿ ಮಲಗಿ. ನನಗೂ ಮಾತ್ರೆ ಬಂತು.

ಆ ಯಂತ್ರ ಮಾತಾಡಿದ್ದು ಒಂದೇ ಸಲ, ಹೋದ ಬೇಸಿಗೆ, ನೀರಿನ ತೊಟ್ಟಿಯ ಹತ್ತಿರ — ತಪ್ಪಿಸಿಕೊಂಡ ಮರಿಯ ಹಿಂದೆ, ಬೇಡವೆಂದರೂ ಕೇಳದೆ, ಓಡಿದಳು, ಬಿದ್ದಳು, ಥೇಟ್ ಲಂಬು ಬಿದ್ದ ಹಾಗೆಯೇ, ನಾನು ಹತ್ತಿರ ಹೋಗುವಷ್ಟರಲ್ಲಿ ಅವಳ ಮೈ ಒಮ್ಮೆ ಜಿಗಿಯಿತು, ಕಣ್ಣು ಬಿಟ್ಟು ಎದ್ದು ಕೂತು ಸಿಟ್ಟಿನಿಂದ ಸುತ್ತಲೂ ನೋಡಿದಳು, ಅಪ್ಪಾ, ಯಾವ ಟಗರು ನನಗೆ ಗುಮ್ಮಿದ್ದು? ಯಾವ ಟಗರೂ ಅಲ್ಲ ತಾಯಿ. ತೊಟ್ಟಿಯ ಕಟ್ಟೆ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟೆ, ಬಾಯಲ್ಲಿ ಅತ್ತಿಗೆ, ಅತ್ತಿಗೆ ಅಂತ ಒಂದೇ ಮಾತು ಬರುತ್ತಿತ್ತು.

ಬಾಗಿಲಿನ ಬಿಸಿಲು ಕಪ್ಪಾಯಿತು, ಅತ್ತಿಗೆ ಬಂದರು. ಏನೇ, ನಿಮ್ಮಪ್ಪ ಉಣ್ಣೆ ಕತ್ತರಿಸ್ತಿದ್ದಾನೋ, ಕುರಿಗೆ ತಲೆ ಬಾಚ್ತಿದ್ದಾನೋ? ಬಾಚ್ತಿದ್ದಾನೆ ದೊಡ್ಡಮ್ಮ, ಇನ್ನು ಜಡೆ ಹಾಕೋದು ಬಾಕಿ. ಮೂಟೆಯನ್ನು ಎತ್ತಿ ಅವರ ಮುಂದಿಟ್ಟೆ, ಈ ಸಲ ಮಾತು ಹೊಂದಿಸಿಕೊಂಡಿದ್ದೆ, ಅತ್ತಿಗೆ, ನೀವು ಅವತ್ತು ಹೊಸ್ತಿಲು ಬಿಟ್ಟು ಎದ್ದಿದ್ದರೆ — ಇರಲಿ, ಅಲ್ಲಿಡು, ಅಂದರು, ಮೂಟೆಯ ಕಡೆ ನೋಡಲಿಲ್ಲ, ಕೈ ಒರೆಸಿಕೊಂಡು ಮಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಆ ಉಬ್ಬಿನ ಮೇಲೆ ಅಂಗೈ ಇಟ್ಟರು, ಇದೆಯೇನೇ? ಇದೆ ದೊಡ್ಡಮ್ಮ, ಎಲ್ಲಿಗೆ ಹೋಗುತ್ತೆ. ಕಣ್ಣು ಮುಚ್ಚಿದರು, ಕುರಿ ಸುಮ್ಮನಾಯಿತು, ನನ್ನ ಕತ್ತರಿ ನಿಂತಿತು, ಏನು ಕೊಟ್ಟರೆ ತೀರೀತು ಇದು, ಉಣ್ಣೆಯೇ, ಹಾಸಿಗೆಯೇ, ಅವರಿಗೆ ಬೇಕಾದದ್ದು ಇಷ್ಟೇ, ಅವನ ಎದೆಯ ಮೇಲೆ ಏನೂ ಸಿಗದೆ ಹೋದ ಆ ಅಂಗೈ, ಇವಳ ಎದೆಯ ಮೇಲೆ, ಏರುತ್ತಿದೆ, ಇಳಿಯುತ್ತಿದೆ, ಆ ಅಂಗೈ —