ಕೇಳಿಸಿಕೊಳ್ಳುವ ವಿದ್ಯೆ

ವೀರಭದ್ರನಿಗೆ ಕೇಳಿಸಿಕೊಳ್ಳುವುದನ್ನು ಕಲಿಸಿದವಳು ಅವನ ಹೆಂಡತಿ ಪ್ರಿಯಾಂಕಾ. ಆ ವಿದ್ಯೆಯ ಪುಣ್ಯದಲ್ಲೂ ಪಾಪದಲ್ಲೂ ತನಗೆ ಸಮಪಾಲಿದೆ ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಅವನ ತಂಡದ ಸೃಷ್ಟಿಯ ಮೊಣಕಾಲು ಮುಗಿದ ಕತೆಯಾಗಿತ್ತು.

ಮೊದಲು ಅವನು ಹೀಗಿರಲಿಲ್ಲ. ವಿಜಯಪುರದ ಎರೆಮಣ್ಣಿನಲ್ಲಿ ಕಬಡ್ಡಿ ಆಡಿ ಬೆಳೆದ ಮನುಷ್ಯ. ದಕ್ಷಿಣ ಲಂಡನ್ನಿನ ಕಾಲೇಜೊಂದರಲ್ಲಿ ಹುಡುಗಿಯರ ತಂಡಕ್ಕೆ ಕೋಚ್ ಆಗಿ ಸೇರಿದಾಗ ಅವನು ಬಾಯಿ ತೆರೆದರೆ ಹಾಲ್‌ನ ಕಿಟಕಿ ಗಾಜು ನಡುಗುತ್ತಿತ್ತು. "ಕಾಲಾಗ ಜೀವ ಐತೋ, ಇಲ್ಲಾ ಮನ್ಯಾಗ ಬಿಟ್ಟು ಬಂದೀರೋ?" ಎಂದು ಒದರಿದರೆ ಕನ್ನಡ ತಿಳಿದವರೂ ಅಳುತ್ತಿದ್ದರು, ತಿಳಿಯದವರೂ ಅಳುತ್ತಿದ್ದರು. ಅತ್ತವರು ಮಾರನೆಯ ದಿನ ಬರುತ್ತಿರಲಿಲ್ಲ. ತಂಡ ಕರಗುತ್ತ ಬಂತು. ಕೊನೆಗೆ ಕಾಲೇಜಿನವರು ನಯವಾಗಿಯೇ ಹೇಳಿದರು: ವಿದ್ಯಾರ್ಥಿ ಕ್ಷೇಮದ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿಕೊಳ್ಳಿ, ಇಲ್ಲವಾದರೆ ಬರುವ ವರ್ಷ ನಿಮ್ಮನ್ನು ಮುಂದುವರಿಸುವುದು ಕಷ್ಟ.

"ರೇಡ್ ಮಾಡೋದು ಕಲಸಾಕ ಪುಸ್ತಕ ಯಾಕಬೇಕ?" ಎಂದು ಅವನು ಸಿಡುಕಿದ. ಅದೇ ಕಾಲೇಜಿನ ವಿದ್ಯಾರ್ಥಿ ಸಹಾಯ ಕಚೇರಿಯಲ್ಲಿದ್ದ ಪ್ರಿಯಾಂಕಾ ಅದೇ ಓದು ಓದಿ ಆ ಕುರ್ಚಿಗೆ ಬಂದವಳು. ಅವಳೇ ಅವನನ್ನು ಸೇರಿಸಿದಳು. ಕ್ರೋಯ್ಡನ್ನಿನ ಫ್ಲಾಟ್‌ನಲ್ಲಿ ಅವಳು ರೊಟ್ಟಿ ಬಡಿಯುವಾಗ ಅವನು ಕೋಚ್ ಆಗಿಯೇ ಇರುತ್ತಿದ್ದ, ಅವಳು ಅಳುವ ವಿದ್ಯಾರ್ಥಿನಿ ಆಗುತ್ತಿದ್ದಳು.

"ಸರ್, ನನಗ ಭಾಳ ಬ್ಯಾಸರಾಗೇದ."

"ಬ್ಯಾಸರಾದ್ರ ಎರಡು ರೌಂಡ್ ಓಡು."

"ಅಯ್ಯ ಶಿವನ! ಬುದ್ಧಿ ಹೇಳಬ್ಯಾಡ್ರಿ, ಸಮಾಧಾನಾನೂ ಹೇಳಬ್ಯಾಡ್ರಿ. ಸುಮ್ನ ಕೂಡ್ರಿ. ಆಕಿ ಹೇಳಿದ್ದನ್ನ ಆಕಿಗೇ ತಿರುಗಿ ಹೇಳ್ರಿ. ಆಮ್ಯಾಲ ಮೆತ್ತಗ ಕೇಳ್ರಿ, ನಿನಗ ಏನ ಅನಸ್ತದ ಅಂತ."

"ಹಿಟ್ಟಿನ ಕೈ ತೊಳಕೊಂಡು ಅಳವಾ ಮೊದ್ಲ," ಎಂದು ಅವನು ನಗುತ್ತಿದ್ದ. ಆದರೆ ಕಲಿತ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಲಿತ. ಪರೀಕ್ಷೆಯ ವಾರ ಅಭ್ಯಾಸದ ಹೊತ್ತು ಬದಲಿಸಿದ. ಯಾರು ಉಪವಾಸ ಇದ್ದಾರೆ, ಯಾರಿಗೆ ಮನೆಯ ನೆನಪು ಕಾಡುತ್ತಿದೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಬಿಟ್ಟುಹೋದವರು ಒಬ್ಬೊಬ್ಬರಾಗಿ ಮರಳಿದರು. ತಾಯಿ ಸತ್ತ ಹುಡುಗಿಯೊಬ್ಬಳ ಪಕ್ಕ ಮಾತಿಲ್ಲದೆ ಇಡೀ ಸಂಜೆ ಕೂತು ಬಂದ ದಿನ ಅವನಿಗೆ ಊಟ ಸೇರಲಿಲ್ಲ. ಕಲ್ಲಿಗೆ ಕಿವಿ ಮೂಡಿತು ಎಂದು ಪ್ರಿಯಾಂಕಾ ಊರಿಗೆ ಫೋನ್ ಮಾಡಿ ಅಜ್ಜಿ ಗಿರಿಜಾದೇವಿಗೆ ಹೇಳಿ ಹಿಗ್ಗಿದಳು.

ಆ ಕಿವಿಗೆ ಎಲ್ಲರಿಗಿಂತ ಹೆಚ್ಚು ಬಿದ್ದದ್ದು ಸೃಷ್ಟಿಯ ಮಾತು. ತಂಡದ ಅತ್ಯುತ್ತಮ ರೇಡರ್ ಅವಳು. ಅಪ್ಪ ಗಣಪಯ್ಯ ಕುಂದಾಪುರದವರು, ಟೂಟಿಂಗ್‌ನಲ್ಲಿ ದೋಸೆ ಹೋಟೆಲ್ ನಡೆಸುತ್ತಿದ್ದರು. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ವೀರಭದ್ರನ ಮುಂದೆ ಮಾತ್ರ ಮುರುಕು ಕನ್ನಡದಲ್ಲಿ ಮನಸ್ಸು ಬಿಚ್ಚುತ್ತಿದ್ದಳು. ಅಪ್ಪ ಒಂದು ಪಂದ್ಯಕ್ಕೂ ಬಂದವರಲ್ಲ. ಹೆಣ್ಣುಮಕ್ಕಳು ಮಂದಿಯ ಕಾಲು ಹಿಡಿದು ಉರುಳಾಡುವ ಆಟ ಎಂತದು ಎಂದು ಮುಖ ತಿರುಗಿಸುತ್ತಿದ್ದರು. ಒಂದೇ ಒಂದು ಸಲ ಅಪ್ಪ ಬಂದು ತನ್ನನ್ನು ನೋಡಬೇಕು. ಇಷ್ಟೇ ಅವಳ ಆಸೆ.

ಸೆಮಿಫೈನಲ್‌ನಲ್ಲಿ ಅವಳ ಮೊಣಕಾಲು ತಿರುಚಿತು. ಫೈನಲ್ ಆಡುವಂತಿಲ್ಲ, ಇನ್ನೊಮ್ಮೆ ತಿರುಚಿದರೆ ಒಳಗಿನ ನಾರು ಹರಿಯುತ್ತದೆ, ಮತ್ತೆ ಆಡುವ ಮಾತೇ ಇಲ್ಲ ಎಂದು ಫಿಸಿಯೋ ಖಡಾಖಂಡಿತವಾಗಿ ಹೇಳಿದಳು. ಆ ಕಾಲೇಜು ಕಪ್ ಎಂಬುದನ್ನು ಕಂಡಿರಲೇ ಇಲ್ಲ.

ಫೈನಲ್‌ನ ಹಿಂದಿನ ಸಂಜೆ ಗಂಡನನ್ನು ಕರೆದುಕೊಂಡು ಹೋಗಲೆಂದು ಪ್ರಿಯಾಂಕಾ ಹಾಲ್‌ಗೆ ಬಂದಳು. ಮ್ಯಾಟ್‌ನ ಅಂಚಿನಲ್ಲಿ ಅವನೂ ಸೃಷ್ಟಿಯೂ ಕೂತಿದ್ದರು. ಅಡ್ಡಬರಬಾರದೆಂದು ಅವಳು ಬಾಗಿಲಲ್ಲೇ ನಿಂತಳು.

"ಫಿಸಿಯೋ ಬ್ಯಾಡ ಅಂದಾಳ," ಎಂದ ವೀರಭದ್ರ. ದನಿ ಹತ್ತಿಯಷ್ಟು ಮೆತ್ತಗಿತ್ತು. "ನಾನೂ ಆಡು ಅನ್ನಂಗಿಲ್ಲ. ಕಾಲು ನಿಂದು, ನಿರ್ಧಾರಾನೂ ನಿಂದ."

ಸೃಷ್ಟಿ ತಲೆಯಾಡಿಸಿದಳು. ಅವನು ಸುಮ್ಮನಿದ್ದ. ಆ ಮೌನಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೊಟ್ಟ.

"ಮೊನ್ನೆ ಟೂಟಿಂಗ್‌ಗೆ ಹೋಗಿದ್ದೆ. ನಿಮ್ಮಪ್ಪಾರು ನಾಳೆ ಹೋಟೆಲ್ ಮುಚ್ಚಿ ಬರ್ತಾರಂತ."

"ಅಪ್ಪ? ಸೀರಿಯಸ್ಲಿ? ಅಪ್ಪ ಬರ್ತಾರಾ ಸರ್?"

"ನೀ ಬೆಂಚಿನ ಮ್ಯಾಲ ಕುಂತರೂ ಬರ್ತಾರ. ಅದರಾಗ ತಪ್ಪೇನಿಲ್ಲ." ಮತ್ತೆ ಮೌನ. "ಅಪ್ಪ ಒಮ್ಮೆ ನನ್ನ ನೋಡಬೇಕು ಅಂತಿದ್ದಿ. ಈಗ ನಿನಗ ಏನ ಅನಸ್ತದ?"

ಹುಡುಗಿಯ ಕಣ್ಣು ತುಂಬಿತು. "ನಾನು ಆಡ್ತೇನೆ ಸರ್."

"ನಾ ಹೇಳಿದೆ ಅಂತಲ್ಲ ಹೌದಿಲ್ಲೋ?"

"ಅಲ್ಲ ಸರ್. ನಾನೇ."

ಬಾಗಿಲಲ್ಲಿ ನಿಂತ ಪ್ರಿಯಾಂಕಾ ಒಂದೊಂದು ಮಾತನ್ನೂ ಗುರುತಿಸಿದಳು. ಅದು ಅವಳ ಅಡುಗೆಮನೆಯ ಪಾಠ, ಒಂದಕ್ಷರ ತಪ್ಪಿರಲಿಲ್ಲ.

ಟ್ರಾಮ್‌ನಲ್ಲಿ ಅವಳು ಕೇಳಿಯೇ ಬಿಟ್ಟಳು. "ಆಕಿ ಬಾಯಿಂದ ಹೇಳಿಸಿದ್ರಿ ಅಲ್ಲ?"

"ನಾ ಏನಂದೆ? ಒತ್ತಾಯ ಮಾಡಿದ್ದು ಒಂದ್ ಮಾತು ತೋರ್ಸು," ಎಂದ ಅವನು. ಅವನ ಮುಖದಲ್ಲಿ ಕಪಟವೇ ಇರಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ತೋಳದ ಕತೆ ನೆನಪಾಯಿತು. ತೋಳ ಗುರುಗುಟ್ಟುವಷ್ಟು ದಿನ ಕುರಿಮರಿಗಳು ಓಡಿ ಬದುಕಿದವು. ಕನಿಕರದ ಕುರುಬಗಿತ್ತಿಯೊಬ್ಬಳು ಅದಕ್ಕೆ ಜೋಗುಳ ಕಲಿಸಿದಳು. ಮರಿಗಳು ತಾವಾಗಿಯೇ ಬಂದು ಅದರ ಕಾಲ ಮೇಲೆ ತಲೆಯಿಟ್ಟವು. "ಕುರುಬಗಿತ್ತಿ ಏನ್ ಮಾಡಿದ್ಳು ಅಜ್ಜಿ?" ಎಂದರೆ ಮುದುಕಿ, "ಕತಿ ಆಕೀದಲ್ಲ, ಮಲಕೋ," ಎನ್ನುತ್ತಿದ್ದಳು.

ಕಾಲೇಜಿನ ಕಚೇರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಸೃಷ್ಟಿಯನ್ನು ಮ್ಯಾಟ್ ಮೆಟ್ಟಲು ಬಿಡುತ್ತಿರಲಿಲ್ಲ. ಹುಡುಗಿ ವಯಸ್ಸಿಗೆ ಬಂದವಳು, ತಾನೇ ಹೇಳಿದ್ದಾಳೆ ಎಂದುಕೊಂಡು ಪ್ರಿಯಾಂಕಾ ಫೋನನ್ನು ಚೀಲಕ್ಕೆ ಹಾಕಿದಳು. ಗಂಡನ ಮೇಲೆ ದೂರು ಕೊಡುವುದು ಹೇಗೆ ಎಂಬ ಮಾತನ್ನು ಮಾತ್ರ ತನಗೂ ಹೇಳಿಕೊಳ್ಳಲಿಲ್ಲ.

ಮರುದಿನ ಫೈನಲ್ ನಡೆದ ವೆಂಬ್ಲಿಯ ಹಾಲ್‌ನಲ್ಲಿ ಗಣಪಯ್ಯ ಅವಳ ಪಕ್ಕದಲ್ಲೇ ಕೂತರು. ಸ್ವೆಟರ್‌ನಿಂದ ತುಪ್ಪದ ವಾಸನೆ ಬರುತ್ತಿತ್ತು. "ಎಂತ ಮಾರಾಯ್ರೆ, ಉಸಿರು ಬಿಡ್ಲಿಕ್ಕಿಲ್ಲ ಅಲ್ದಾ? ನಮ್ಮ ಹುಡುಗಿಗೆ ಇಷ್ಟು ಉಸಿರುಂಟಾ!" ಎಂದು ಮಗುವಿನ ಹಾಗೆ ಬೆರಗಾದರು. ಕೊನೆಯ ರೇಡ್‌ಗೆ ಸೃಷ್ಟಿ ಹೋದಳು. ಮೂವರು ಮುಗಿಬಿದ್ದರು. ಅವರಡಿಯಿಂದ ಅವಳ ಕೈ ಚಾಚಿ ಮಧ್ಯಗೆರೆ ಮುಟ್ಟಿತು. ಹಾಲ್ ಕಿತ್ತುಹೋಗುವಂತೆ ಕೂಗಿತು. ಎದ್ದುನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಗಣಪಯ್ಯನಿಗೆ, ಮಗಳು ಕೂಗುತ್ತಿರುವುದು ಗೆಲುವಿಗಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಕಾಲೇಜು ವಿಚಾರಣೆ ಮಾಡಿತು. ಕೋಚ್ ಒತ್ತಡ ಹಾಕಿಲ್ಲ, ಅಪಾಯ ತಿಳಿಸಿದ್ದಾರೆ, ವಿದ್ಯಾರ್ಥಿನಿಯ ಅಭಿಪ್ರಾಯಕ್ಕೆ ಬೆಲೆ ಕೊಟ್ಟಿದ್ದಾರೆ. ಯಾವ ತಪ್ಪೂ ಕಾಣಲಿಲ್ಲ. ಹಳೆಯ ವೀರಭದ್ರನಾಗಿದ್ದರೆ ಒಂದು ಬೈಗುಳ ಸಾಕಿತ್ತು ಅವನನ್ನು ಹೊರಹಾಕಲು. ಅದಿರಲಿ, ಹಳೆಯ ವೀರಭದ್ರ ಒದರಿದ್ದರೆ ಸೃಷ್ಟಿಯೇ ಶೂ ಬಿಚ್ಚಿ ಎಸೆದು ಮನೆಗೆ ಹೋಗಿರುತ್ತಿದ್ದಳು, ಕಾಲು ಉಳಿಯುತ್ತಿತ್ತು. ಈ ಓದಿನಿಂದ ಕೋಚ್‌ಗಳಿಗೆ ಆಗುವ ಲಾಭ ಕುರಿತು ಬೇರೆ ಕಾಲೇಜುಗಳವರ ಮುಂದೆ ಭಾಷಣ ಮಾಡಲು ಅವನನ್ನೇ ಆರಿಸಿದರು. ಅವನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡತೊಡಗಿದ.

ಆ ದನಿ ಕೇಳಲಾಗದೆ ಪ್ರಿಯಾಂಕಾ ಟೂಟಿಂಗ್‌ಗೆ ಹೊರಟಳು. ಹುಡುಗಿಗೆ ನಿಜ ಹೇಳಿಬಿಡಬೇಕು. ಹೋಟೆಲ್ ಮೇಲಿನ ಮನೆಯಲ್ಲಿ ಸೃಷ್ಟಿ ಆಪರೇಷನ್ ಆದ ಕಾಲನ್ನು ಸ್ಟೂಲ್ ಮೇಲಿಟ್ಟು ಕೂತಿದ್ದಳು.

"ಸೃಷ್ಟಿ, ಆಡ್ತೀನಿ ಅಂದಿದ್ದು ನೀನಲ್ಲ. ನಿಮ್ಮ ಸರ್ ನಿನ್ನ ಕಡೆಯಿಂದ ಹೇಳಿಸಿದ್ದು. ಹೇಗೆ ಹೇಳಿಸ್ಬೇಕು ಅಂತ ಅವರಿಗೆ ಕಲಿಸಿದ್ದು ನಾನು."

ಸೃಷ್ಟಿ ಅವಳನ್ನೇ ನೋಡಿದಳು. ಮುಖ ನಿಧಾನವಾಗಿ ಗಟ್ಟಿಯಾಯಿತು.

"ಅಕ್ಕಾ, ಪ್ಲೀಸ್. ಕಾಲಂತೂ ಹೋಯ್ತು. ನಾನೇ ಡಿಸೈಡ್ ಮಾಡಿದ್ದು ಅಂತ ಒಂದಾದ್ರೂ ಇದೆ. ಅದನ್ನೂ ತಗೊಂಡು ಹೋಗ್ತೀರಾ?"

ಪ್ರಿಯಾಂಕಾ ಹೊರಡಲೆಂದು ಚೀಲ ಎತ್ತಿಕೊಂಡಳು.

"ನಾನೂ ಸರ್ ಓದಿದ ಕೋರ್ಸ್‌ಗೇ ಸೇರ್ತೇನೆ," ಎಂದಳು ಸೃಷ್ಟಿ, ಈಗ ಸ್ವಲ್ಪ ಮೆತ್ತಗೆ. "ಆಡ್ಲಿಕ್ಕೆ ಆಗುದಿಲ್ಲ, ಕೋಚ್ ಆಗ್ಬಹುದಲ್ಲ. ಸರ್ ತರ. ಅವರು ರೆಫರೆನ್ಸ್ ಕೊಡ್ತಾರಂತೆ. ನೀವು ನಂಗೆ ಹೇಳಿಕೊಡ್ತೀರಾ?"

ಬೇಡ ಎನ್ನಬೇಕಿತ್ತು. ಬೇಡವೆಂದರೆ ಈ ಹುಡುಗಿಯ ಕೈಯಲ್ಲಿ ಇನ್ನೇನು ಉಳಿಯುತ್ತದೆ ಎಂದು ಹುಡುಕಿದಳು, ಏನೂ ಸಿಗಲಿಲ್ಲ. "ಮನೆಗೆ ಬಾ," ಎಂದಳು. ತನ್ನ ದನಿ ತನಗೇ ಅಸಹ್ಯವಾಯಿತು.

ಕೆಳಗಿಳಿದರೆ ಗಣಪಯ್ಯ ದಾರಿ ಕಟ್ಟಿದರು. "ಹೋಯ್, ಬರಿಗೈಯಲ್ಲಿ ಹೋಗ್ತೀರಾ? ನಮ್ಮ ಕೋಚ್ ಸರ್ ಸಾಮಾನ್ಯದವ್ರಲ್ಲ ಮಾರಾಯ್ರೆ. ಅವ್ರು ಬಂದು ಕರೀದೆ ಇದ್ರೆ ನನ್ನ ಮಗಳ ಆಟ ನಾನು ಈ ಜನ್ಮದಲ್ಲಿ ಕಾಣ್ತಿರ್ಲಿಲ್ಲ." ಎರಡು ಮಸಾಲೆದೋಸೆ, ಜೊತೆಗೆ ಸಾಂಬಾರು ಕಟ್ಟಿ ಅವಳ ಕೈಗಿತ್ತರು. "ಸರ್‌ಗೆ ಬಿಸಿಯಿರುವಾಗಲೇ ಕೊಡಿ."

ಬಸ್ ನಿಲ್ದಾಣದ ಕಸದ ತೊಟ್ಟಿಯ ಮುಂದೆ ಅವಳು ಪೊಟ್ಟಣ ಹಿಡಿದು ನಿಂತಳು. ಬಸ್ ಬಂತು. ಹತ್ತಿ ಕೂತು, ಚೆಲ್ಲಬಾರದೆಂದು ಅದನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡಳು. ಮನೆಯಲ್ಲಿ ಅವನು ಹಸಿದಿರುತ್ತಾನೆ.